43 ಜನ ಕೇಳುಗರು ಅಂದ್ರೆ ಕಡಿಮೆನಾ?

ಗುರುವಾರ ಬಂತು ಅಂದ್ರೆ ನಮ್ಮ ನ್ಯೂಸ್‌ರೂಮಿನಲ್ಲಿ ಎಲ್ಲರ ಮುಖವೂ ರಿಸಲ್ಟ್ ದಿನದ ಎಸ್ಸೆಸ್ಸೆಲ್ಸಿ ಮಕ್ಕಳ ಮುಖದ ಥರ ಆಗಿರುತ್ತೆ. ಅವತ್ತು ಟಿಆರ್‌ಪಿ ಬರುವ ದಿನ. ಯಾರು ಮೇಲೆ, ಯಾರು ಕೆಳಗೆ, ಯಾವ ಕಾರ್ಯಕ್ರಮ ಉಳಿಯುತ್ತೆ, ಯಾವುದು ಮನೆಗೆ ಹೋಗುತ್ತೆ, ಎಲ್ಲವೂ ಆ ಅಂಕಿಗಳಲ್ಲೇ ತೀರ್ಮಾನ.

ಅಂಥದ್ದೇ ಒಂದು ಗುರುವಾರ ನನ್ನ ಎಂಜಿನಿಯರಿಂಗ್ ಗೆಳೆಯ ಫೋನ್ ಮಾಡಿದ. ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರ್.

"ಮಗಾ, ನಿಲ್ಲಿಸಿಬಿಡ್ತೀನಿ ಕಣೋ. ಎಂಟು ತಿಂಗಳಾಯ್ತು. ಕೇಳೋರು ನಲವತ್ಮೂರು ಜನ. ಮನೇಲೂ ಬೈತಾ ಇದಾರೆ."

ಅವನು ನಿಲ್ಲಿಸಬೇಕು ಅಂತಿದ್ದದ್ದು ಒಂದು ಪಾಡ್‌ಕಾಸ್ಟ್. ಕಟ್ಟಡದ ಸೈಟಿನಲ್ಲಿ ನಿಂತು ಕೆಲಸ ಮಾಡಿಸುವ ಸೂಪರ್‌ವೈಸರ್‌ಗಳು, ಮೇಸ್ತ್ರಿಗಳು, ಈಗಷ್ಟೇ ಡಿಪ್ಲೊಮಾ ಮುಗಿಸಿ ಬಂದ ಹುಡುಗರು, ಇವರಿಗಾಗಿ ಕನ್ನಡದಲ್ಲಿ ಮಾಡ್ತಿದ್ದ. ಕಾರಣ ಸರಳ. ಕಾಂಕ್ರೀಟ್ ಕೆಲಸದ ನಿಯಮಗಳಿರೋದು ಇಂಗ್ಲಿಷಿನಲ್ಲಿ. ಸೈಟ್ ನಡೆಯೋದು ಕನ್ನಡದಲ್ಲಿ. ಇವೆರಡರ ನಡುವೆ ಬೀಳುವ ಬಿರುಕೇ ಮುಂದೆ ಗೋಡೆ ಮೇಲೆ ಕಾಣುತ್ತೆ ಅನ್ನೋದು ಅವನ ವಾದ.

ಪಾಡ್‌ಕಾಸ್ಟ್ ಅಂದ್ರೇನು ಅಂತ ಕೇಳುವ ಹಿರಿಯರಿಗೆ ಎರಡು ಮಾತು. ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಸೇರಿ ಆದ ಪದ ಇದು. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ಇದನ್ನು ಬಳಸಿದರು. 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಎಲ್ಲ ಕಡೆ ಹರಡಿತು. ರೇಡಿಯೊ ಆದರೆ ಅವರು ಹಾಕಿದ ಹೊತ್ತಿಗೆ ನಾವು ಕೂರಬೇಕು. ಪಾಡ್‌ಕಾಸ್ಟ್‌ಗೆ ಒಮ್ಮೆ ಚಂದಾದಾರರಾದರೆ ಸಾಕು, ಹೊಸ ಕಂತು ತಾನಾಗಿ ನಮ್ಮ ಫೋನಿಗೆ ಬರುತ್ತೆ. ನಮಗೆ ಪುರಸೊತ್ತಾದಾಗ ಕೇಳಬಹುದು.

ಈಗ ನನ್ನ ತಪ್ಪು ಹೇಳ್ತೀನಿ.

ಗೆಳೆಯ ಕಷ್ಟ ಹೇಳಿಕೊಂಡ ಕೂಡಲೇ ನನ್ನೊಳಗಿನ ಟಿವಿ ಮನುಷ್ಯ ಎದ್ದು ಕೂತ. "ನಿನ್ನ ಟೈಟಲ್ಲೇ ಸರಿ ಇಲ್ಲ. 'ಕ್ಯೂರಿಂಗ್ ಮಾಡುವ ವಿಧಾನ' ಅಂದ್ರೆ ಯಾರು ಕೇಳ್ತಾರೆ? 'ನಿಮ್ಮ ಮನೆ ಯಾವಾಗ ಬೇಕಾದರೂ ಬೀಳಬಹುದು' ಅಂತ ಹಾಕು" ಅಂದೆ. ಹಾಕಿದ. ನಾನು ನನ್ನ ಪೇಜಿನಲ್ಲಿ ಶೇರ್ ಮಾಡಿದೆ. ಆ ವಾರ ಎರಡು ಸಾವಿರ ಜನ ಒತ್ತಿದರು. ನಾನು ಬೀಗಿದೆ. ಮುಂದಿನ ಕಂತಿಗೆ ಉಳಿದವರು ಐವತ್ತೊಂದು.

ಬಂದವರು ಹೆದರಿಕೆಗೆ ಬಂದಿದ್ದರು, ಹೆದರಿಕೆ ಇಳಿದ ಮೇಲೆ ಹೊರಟರು. ಇನ್ನೂ ಬೇಜಾರಿನ ಸಂಗತಿ ಏನಂದ್ರೆ, ಮೊದಲಿನ ನಲವತ್ಮೂರರಲ್ಲಿ ಒಬ್ಬರು ಮೆಸೇಜ್ ಹಾಕಿದ್ದರು: "ಸರ್, ನೀವೂ ಟಿವಿ ಥರ ಆಗಿಬಿಟ್ರಾ?" ಗೆಳೆಯ ಅದನ್ನು ನನಗೆ ಕಳಿಸಿದ. ಏನು ಉತ್ತರ ಕೊಡಲಿ ಹೇಳಿ.

ಆಮೇಲೆ ನಾನು ಕೂತು ಓದಿದೆ. ಒಂದು ವೃತ್ತಿಯವರಿಗಾಗಿ ಮಾಡಿದ ಕಾರ್ಯಕ್ರಮಗಳು ಗೆದ್ದಿದ್ದು ಹೇಗೆ ಅಂತ.

2006ರಲ್ಲಿ ಜರ್ಮನಿಯ ಮಾರ್ಕಸ್ ಫೋಲ್ಟರ್ ಅನ್ನುವವರು 'ಸಾಫ್ಟ್‌ವೇರ್ ಎಂಜಿನಿಯರಿಂಗ್ ರೇಡಿಯೊ' ಶುರು ಮಾಡಿದರು. ಹೆಸರಿನಲ್ಲೇ ಎಲ್ಲ ಇದೆ. ಸಾಫ್ಟ್‌ವೇರ್ ಕೆಲಸದವರಿಗೆ ಮಾತ್ರ. ಬೇರೆಯವರಿಗೆ ಒಂದು ವಾಕ್ಯವೂ ಅರ್ಥವಾಗಲಿಕ್ಕಿಲ್ಲ, ಅದಕ್ಕಾಗಿ ಅವರು ತಲೆ ಕೆಡಿಸಿಕೊಳ್ಳಲೂ ಇಲ್ಲ. 2012ರಲ್ಲಿ 'ಐಇಇಇ ಸಾಫ್ಟ್‌ವೇರ್' ಪತ್ರಿಕೆಯೇ ಅದನ್ನು ವಹಿಸಿಕೊಂಡಿತು.

ಇನ್ನೊಂದು ಅಮೆರಿಕದ್ದು. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ರೇಡಿಯೊ ಕೇಂದ್ರ ಮತ್ತು ಅಲ್ಲಿನ ವಾಸ್ತುಶಿಲ್ಪಿಗಳ ಸಂಘ ಸೇರಿ ಕೆಲವೇ ನಿಮಿಷಗಳ ಪುಟ್ಟ ಕಾರ್ಯಕ್ರಮ ಆರಂಭಿಸಿದವು. ಹೆಸರು '99% ಇನ್‌ವಿಸಿಬಲ್'. ಮಾಡುತ್ತಿದ್ದವರು ರೋಮನ್ ಮಾರ್ಸ್. ಕಟ್ಟಡ, ವಿನ್ಯಾಸ, ನಾವು ದಿನಾ ನೋಡಿಯೂ ಗಮನಿಸದ ವಸ್ತುಗಳು, ಇದೇ ವಿಷಯ. 2012ರಲ್ಲಿ ಕಾರ್ಯಕ್ರಮ ಮುಂದುವರಿಸಲು 42 ಸಾವಿರ ಡಾಲರ್ ಬೇಕು ಅಂತ ಕೇಳುಗರನ್ನು ಕೇಳಿದರು. ಬಂದಿದ್ದು 1 ಲಕ್ಷ 70 ಸಾವಿರ ಡಾಲರಿಗೂ ಹೆಚ್ಚು.

ಅಷ್ಟು ದೂರ ಯಾಕೆ, ನಮ್ಮ ಪುತ್ತೂರಿನ 'ಅಡಿಕೆ ಪತ್ರಿಕೆ' ನೋಡಿ. ಅದು ಪಾಡ್‌ಕಾಸ್ಟ್ ಅಲ್ಲ, ಕಾಗದದ ಮಾಸಪತ್ರಿಕೆ. 1988ರಲ್ಲಿ ಶುರುವಾಯ್ತು. ಕೃಷಿ ಬಗ್ಗೆ ಕೃಷಿಕರೇ ಬರೆಯಬೇಕು ಅನ್ನೋದು ಅದರ ಹಟ. ಓದುವವನೂ ರೈತ, ಬರೆಯುವವನೂ ರೈತ. ಪಾಡ್‌ಕಾಸ್ಟ್ ಅನ್ನೋ ಪದ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಈ ಗುಟ್ಟು ಕಂಡುಕೊಂಡಿದ್ದರು.

ಗುಟ್ಟು ಏನು? ಟಿವಿಯಲ್ಲಿ ನಾವು ಕೇಳಿಕೊಳ್ಳೋದು "ಎಷ್ಟು ಜನ ನೋಡ್ತಾರೆ" ಅಂತ. ಇವರು ಕೇಳಿಕೊಂಡಿದ್ದು "ಯಾರಿಗೆ ಇದು ಬೇಕೇ ಬೇಕು" ಅಂತ. ಮೊದಲ ಪ್ರಶ್ನೆಗೆ ಉತ್ತರ ಸಂಖ್ಯೆ. ಎರಡನೆಯದಕ್ಕೆ ಉತ್ತರ ಒಬ್ಬ ಮನುಷ್ಯ.

ಗೆಳೆಯನಿಗೆ ಈ ಸಲ ಉಪದೇಶ ಮಾಡಲಿಲ್ಲ. ಒಂದು ಭಾನುವಾರ ದಾವಣಗೆರೆಗೆ ಹೋಗಿ ಇಬ್ಬರೂ ಕೂತು ನಾಲ್ಕು ಕೆಲಸ ಮಾಡಿದೆವು.

ಒಂದು, ಹೆದರಿಸುವ ಟೈಟಲ್ ತೆಗೆದೆವು. ಸೈಟಿನಲ್ಲಿ ಮೇಸ್ತ್ರಿ ಹೇಗೆ ಕೇಳ್ತಾನೋ ಹಾಗೇ ಹೆಸರಿಟ್ಟೆವು. 'ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಬೇಕು?' ಅಷ್ಟೇ. ಫೋನಿನಲ್ಲಿ ಹುಡುಕುವವನು ಟೈಪ್ ಮಾಡೋದೂ ಅದನ್ನೇ.

ಎರಡು, ಕೇಳುಗರು ಈಗಾಗಲೇ ಎಲ್ಲಿ ಸೇರ್ತಾರೋ ಅಲ್ಲಿಗೆ ನಾವೇ ಹೋದೆವು. ಅವರು ಸೇರೋದು ಸಿಮೆಂಟ್ ಅಂಗಡಿ ಮುಂದೆ, ಕಬ್ಬಿಣದ ಅಂಗಡಿ ಮುಂದೆ, ಗುತ್ತಿಗೆದಾರರ ವಾಟ್ಸಾಪ್ ಗ್ರೂಪಿನಲ್ಲಿ. ಪೂರ್ತಿ ಕಂತು ಕಳಿಸಿದರೆ ಯಾರೂ ಒತ್ತಲ್ಲ. ಒಂದು ನಿಮಿಷದ ತುಣುಕು, ಅದರಲ್ಲಿ ಒಂದೇ ಪ್ರಶ್ನೆ, ಒಂದೇ ಉತ್ತರ.

ಮೂರು, ಪ್ರತಿ ಕಂತಿಗೂ ಒಬ್ಬ ಕೆಲಸಗಾರನನ್ನೇ ಕೂರಿಸೋದು. ಮೂವತ್ತು ವರ್ಷ ಬಾರ್ ಬೆಂಡಿಂಗ್ ಮಾಡಿದವರು ಮಾತಾಡಿದರೆ ಆ ಕಂತನ್ನು ಅವರ ಬಳಗವೆಲ್ಲ ಕೇಳುತ್ತೆ. ಬರೀ ಸಂಬಂಧಕ್ಕಾಗಿ ಅಲ್ಲ, ಪುಸ್ತಕದಲ್ಲಿ ಇಲ್ಲದ್ದು ಅವರ ಬಾಯಲ್ಲಿ ಬರುತ್ತೆ.

ನಾಲ್ಕು, ವಾರ ತಪ್ಪಿಸಬಾರದು, ದನಿ ಸ್ಪಷ್ಟವಾಗಿರಬೇಕು. ಇದಕ್ಕೆ ಲಕ್ಷ ರೂಪಾಯಿ ಸ್ಟುಡಿಯೊ ಬೇಡ. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರು ಇರೋ ಕೋಣೆಯಲ್ಲಿ, ಮೈಕ್ ಬಾಯಿಗೆ ಹತ್ತಿರ ಇಟ್ಟುಕೊಂಡರೆ ಅರ್ಧ ಗೆದ್ದ ಹಾಗೆ. ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತೆ, ಬಟ್ಟೆ ಅದನ್ನು ಹೀರಿಕೊಳ್ಳುತ್ತೆ.

ಮಧ್ಯೆ ಒಬ್ಬ ವ್ಯಾಪಾರಿ ಪ್ರಾಯೋಜಕತ್ವ ಕೊಡ್ತೀನಿ ಅಂತ ಬಂದರು. ಷರತ್ತು, ಅವರು ಮಾರುವ ಮಾಲೇ ಬೆಸ್ಟ್ ಅಂತ ಹೇಳಬೇಕು. ಗೆಳೆಯ ಕೈಮುಗಿದು ಕಳಿಸಿದ. "ಇವರು ನನ್ನ ಮಾತು ಕೇಳೋದೇ ನಾನು ಏನೂ ಮಾರಲ್ಲ ಅಂತ. ಅದನ್ನೇ ಮಾರಿದ್ರೆ ಇನ್ನೇನು ಉಳೀತು?" ಅಂದ. ದುಡ್ಡಿನ ಅವಶ್ಯಕತೆ ಅವನಿಗೆ ಇರಲಿಲ್ಲ ಅಂತಲ್ಲ.

ಕೇಳುಗರು ಲಕ್ಷ ಆದರಾ? ಇಲ್ಲ. ಈಗ ಆರು ನೂರರ ಹತ್ತಿರ ಇದ್ದಾರೆ. ಆದರೆ ಕಳೆದ ತಿಂಗಳು ಅವನಿಗೆ ಹರಿಹರದ ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಸೈಟ್ ಸೂಪರ್‌ವೈಸರ್. ಆರ್‌ಸಿಸಿ ಹಾಕಿ ಐದನೇ ದಿನ. ಗುತ್ತಿಗೆದಾರರು ಕೆಳಗಿನ ಕಂಬಗಳನ್ನೆಲ್ಲ ಬಿಚ್ಚು, ಇನ್ನೊಂದು ಸೈಟಿಗೆ ಬೇಕು ಅಂತಿದ್ದರು. ಹುಡುಗ ಕಂತು ಕೇಳಿದ್ದ. ನಮ್ಮ ದೇಶದ ಐಎಸ್ 456 ನಿಯಮದ ಪ್ರಕಾರ, ಸಾಧಾರಣ ಸಿಮೆಂಟ್ ಆದರೆ, ನಾಲ್ಕೂವರೆ ಮೀಟರ್ ತನಕದ ಸ್ಲ್ಯಾಬಿಗೆ ಆಧಾರದ ಕಂಬ ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲ ಇದ್ದರೆ 14 ದಿನ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಇನ್ನೂ ಕಾಯಬೇಕಾಗಬಹುದು, ಎಂಜಿನಿಯರನ್ನು ಕೇಳಿಯೇ ಬಿಚ್ಚಬೇಕು. ಅವನ ಸ್ಲ್ಯಾಬ್ ಐದು ಮೀಟರಿನದು.

"ಸರ್, ನಾನು ಆಗಲ್ಲ ಅಂದೆ. ಅವರು ಬೈದ್ರು. ನಿಮ್ಮ ಆ ತುಣುಕು ಹಾಕಿ ಕೇಳಿಸ್ದೆ. ಸುಮ್ನಾದ್ರು ಸರ್."

ಆ ಸ್ಲ್ಯಾಬಿನ ಕೆಳಗೆ ಆವತ್ತು ಗಾರೆ ಕಲಸುತ್ತಿದ್ದವರು ನಾಲ್ಕು ಜನ. ಅವರು ಯಾರೂ ಪಾಡ್‌ಕಾಸ್ಟ್ ಕೇಳಿಲ್ಲ. ಯಾವ ಲೆಕ್ಕದಲ್ಲೂ ಅವರು ಬರಲ್ಲ.

ಮುಂದಿನ ಗುರುವಾರ ಮತ್ತೆ ಟಿಆರ್‌ಪಿ ಬರುತ್ತೆ. ನಾನು ನೋಡ್ತೀನಿ, ನನ್ನ ಹೊಟ್ಟೆಪಾಡು ಅದು. ಆದರೆ ಈಗ ಆ ಅಂಕಿ ನೋಡುವಾಗಲೆಲ್ಲ ಇನ್ನೊಂದು ಪ್ರಶ್ನೆಯೂ ಬರುತ್ತೆ: ನಿನ್ನೆ ರಾತ್ರಿ ಒಂಬತ್ತು ಗಂಟೆಗೆ ನಾನು ಹೇಳಿದ್ದು ಯಾರಿಗಾದರೂ ಬೆಳಿಗ್ಗೆ ಕೆಲಸಕ್ಕೆ ಬಂತಾ?