ಗಾಡಿಯ ಇರವನ್ನು ತಿಳಿಸುವ ರೇಡಿಯೋ

ದೂರದೂರಿಗೆ ಹೊರಟ ಮೋಟಾರು ಎಲ್ಲಿದೆಯೆಂದು ತಿಳಿಯಲು ನಾವು ಮೊಬೈಲ್ ಫೋನನ್ನೇ ನಂಬಿರುವೆವು. ಪ್ರವಾಹದಲ್ಲಿ ಫೋನಿನ ಗೋಪುರಗಳು ಕೆಲಸ ನಿಲ್ಲಿಸಿದರೆ, ಔಷಧಿ ತರುವ ಗಾಡಿಯ ಇರವನ್ನು ಅರಿಯುವುದೆಂತು?

ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಸೇವೆ ಸಲ್ಲಿಸಿದ ಬಾಬ್ ಬ್ರುನಿಂಗಾ ಎಂಬ ಹವ್ಯಾಸಿ ರೇಡಿಯೋ ಪ್ರವೀಣರು ಇದಕ್ಕೊಂದು ಉಪಾಯವನ್ನು ರೂಪಿಸಿದರು. 1984ರಲ್ಲಿ 100 ಮೈಲಿಗಳ ಕುದುರೆ ಓಟವೊಂದರಲ್ಲಿ ಕುದುರೆಗಳ ಸ್ಥಾನವನ್ನು ವರದಿಮಾಡಲು ಅದರ ಪೂರ್ವರೂಪವು ಬಳಕೆಯಾಯಿತು. ಮುಂದೆ ಅದೇ ‘ಎ.ಪಿ.ಆರ್.ಎಸ್.’ ಎಂದು ಪ್ರಸಿದ್ಧವಾಯಿತು.

ಗಾಡಿಯಲ್ಲಿರುವ ಜಿ.ಪಿ.ಎಸ್. ಯಂತ್ರವು ಉಪಗ್ರಹಗಳ ಸಂಕೇತಗಳಿಂದ ಅಕ್ಷಾಂಶ ರೇಖಾಂಶಗಳನ್ನು ಗೊತ್ತುಮಾಡುವುದು. ಚಿಕ್ಕ ರೇಡಿಯೋ ಅವನ್ನು ಕೆಲವು ನಿಮಿಷಗಳಿಗೊಮ್ಮೆ ಪ್ರಸಾರಮಾಡುವುದು. ಬೆಟ್ಟದ ಮೇಲಣ ಕೇಂದ್ರವು ತಾನು ಕೇಳಿದುದನ್ನು ಪುನಃ ಪ್ರಸಾರಮಾಡುವುದರಿಂದ, ಕಣಿವೆಯ ಆಚೆಯವರ ನಕ್ಷೆಯಲ್ಲಿಯೂ ಗಾಡಿಯ ಗುರುತು ಕಾಣಿಸುವುದು. ಆ ಕೇಂದ್ರಕ್ಕೆ ಬ್ಯಾಟರಿಯ ಆಧಾರವಿದ್ದರೆ, ಊರಿನ ವಿದ್ಯುತ್ತು ಹೋದರೂ ಕೆಲಸ ನಿಲ್ಲದು.

ಆದರೆ ಇಲ್ಲಿ ಗುಟ್ಟಿಗೆ ಎಡೆಯಿಲ್ಲ. ಈ ಸಂದೇಶಗಳನ್ನು ಯಾರಾದರೂ ಕೇಳಬಹುದು. ಮನೆಯವರೆಲ್ಲರೂ ಪ್ರಯಾಣದಲ್ಲಿದ್ದರೆ, ಮನೆಯು ಬರಿದಾಗಿದೆಯೆಂಬ ಸುದ್ದಿಯನ್ನೂ ಅದು ಸಾರಬಲ್ಲುದು. ಭಾರತದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿ ಪಡೆದವರೇ ಇದನ್ನು ಬಳಸತಕ್ಕದ್ದು. ಅಂಥವರು ಸುಭಿಕ್ಷ ಕಾಲದಲ್ಲಿಯೇ ಆಗಾಗ ಅಭ್ಯಾಸಮಾಡಿಕೊಂಡಿದ್ದರೆ, ನೆರೆ ಬಂದ ದಿನ ಊರಿಗೆ ನೆರವಾಗುವರು.