ಉಡದ ಬಟ್ಟೆಯನ್ನು ಮಳೆಗಾಲ ಉಡುತ್ತದೆ

ಬೆಳ್ಳಾರೆಯ ಹೆಸರು ಚರಿತ್ರೆಯ ಪುಟಗಳಲ್ಲಿ ಒಂದು ಖಜಾನೆಯೊಡನೆ ಸೇರಿಕೊಂಡಿದೆ. 1837ರಲ್ಲಿ ಅಮರ ಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಗೆ ವಿರುದ್ಧವಾಗಿ ಎದ್ದಾಗ ಕೈವಶ ಮಾಡಿಕೊಂಡುದು ಇಲ್ಲಿನ ಸರಕಾರೀ ಖಜಾನೆಯನ್ನು. ಬೆಳೆಯ ರೂಪದಲ್ಲಿಯೇ ಕಂದಾಯ ತೆತ್ತು ರೂಢಿಯಾಗಿದ್ದ ಜನರಿಂದ ಕಂಪೆನಿ ನಗದು ಹಣವನ್ನು ಕೇಳಿದ್ದು ಆ ದಂಗೆಯ ಕಾರಣಗಳಲ್ಲೊಂದು. ಅವರ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ಆ ಕಥೆ ಹಾಗಿರಲಿ. ಈಗ ಪೇಟೆಯ ಸುತ್ತಣ ಅಡಿಕೆ ತೋಟಗಳ ನಡುವಿನ ಮನೆಮನೆಯಲ್ಲಿಯೂ ಒಂದೊಂದು ಖಜಾನೆಯುಂಟು. ಅದು ಬಟ್ಟೆಯ ಕಪಾಟು. ಯಾರೂ ಅದನ್ನು ಕೊಳ್ಳೆ ಹೊಡೆಯಲು ಬರುವುದಿಲ್ಲವಾದ್ದರಿಂದ ಅದರೊಳಗೆ ಏನೇನಿದೆಯೆಂಬ ಲೆಕ್ಕವನ್ನೂ ಯಾರೂ ಇಡುವುದಿಲ್ಲ. ಲೆಕ್ಕ ನೋಡುವ ಪ್ರಸಂಗ ಒದಗುವುದು ಮನೆಯ ಹಿರಿಯರು ನೌಕರಿಯಿಂದ ನಿವೃತ್ತರಾಗಿ ಊರಿಗೆ ಬಂದು ನೆಲಸಿದ ಮೇಲೆ.

ಈ ಸೀಮೆಯ ನಿವೃತ್ತರ ಕಪಾಟಿಗೆ ತನ್ನದೇ ಆದ ಒಂದು ವಿಶೇಷವಿದೆ. ಉಡುಪಿಯನ್ನೂ ಒಳಗೊಂಡಿದ್ದ ಹಿಂದಿನ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಬಂದವು. ಹಳ್ಳಿಹಳ್ಳಿಯ ವಿದ್ಯಾವಂತ ತರುಣರು ಅವುಗಳಲ್ಲಿ ಕೆಲಸಕ್ಕೆ ಸೇರಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ವರ್ಗವಾಗುತ್ತಾ ಬಾಳು ಸವೆಸಿದರು. ಅವುಗಳಲ್ಲಿ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಆದರೆ ಬ್ಯಾಂಕಿನ ಲಾಂಛನವನ್ನು ಹೊತ್ತ ಕೈಚೀಲವೂ ಕೊರಳಪಟ್ಟಿಯೂ ಕಪಾಟಿನ ಮೂಲೆಯಲ್ಲಿ ಹಾಗೆಯೇ ಉಳಿದಿವೆ. ನೌಕರಿ ಮುಗಿಯಿತು, ನೌಕರಿ ಕೊಟ್ಟ ಸಂಸ್ಥೆಯ ಹೆಸರೂ ಫಲಕದಿಂದ ಇಳಿಯಿತು. ಇನ್ನು ಆ ಕೊರಳಪಟ್ಟಿಯನ್ನು ಎಸೆಯಲು ಕೈ ಹೇಗೆ ಬಂದೀತು?

ಬೇರೆ ಮನೆಗಳ ಕಪಾಟುಗಳಲ್ಲಿ ಬೇರೆ ಗುರುತುಗಳಿರುತ್ತವೆ. ಅಧ್ಯಾಪಕರ ಮನೆಯಲ್ಲಿ ಸುಣ್ಣದ ಪುಡಿ ಅಂಟಿದ ತೋಳಿನ ಅಂಗಿಗಳು. ಪೋಲೀಸು ಇಲಾಖೆಯವರ ಮನೆಯಲ್ಲಿ ಇಸ್ತ್ರಿ ಗೆರೆ ಇನ್ನೂ ಮಾಸದ ಖಾಕಿ. ಈ ಖಾಕಿಗೂ ಜಿಲ್ಲೆಗೂ ಹಳೆಯ ನಂಟು. ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಎಂಬವರು ಆ ಬಣ್ಣವನ್ನು ಸಿದ್ಧಗೊಳಿಸಿದರೆಂದು ಹೇಳುವುದುಂಟು. ಇವೆಲ್ಲಕ್ಕೂ ಮೇಲೆ ಶಾಲುಗಳ ರಾಶಿ. ರಾಜ್ಯ ಸರಕಾರದ ನೌಕರರು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ಬಿಡುಗಡೆ ಹೊಂದುತ್ತಾರೆ. ಬೀಳ್ಕೊಡುಗೆಯ ದಿನ ಇಲಾಖೆಯವರು ಒಂದು, ಸಂಘದವರು ಒಂದು, ಊರಿನವರು ಒಂದು ಎಂದು ಹೊದಿಸಿದ ಶಾಲುಗಳು ಈ ಕರಾವಳಿಯ ಸೆಕೆಯಲ್ಲಿ ಮತ್ತೆಂದೂ ಹೆಗಲೇರುವುದಿಲ್ಲ.

ಇಟ್ಟರೆ ಇಟ್ಟೇ ಇರಲಿ, ನಷ್ಟವೇನು ಎಂದು ಕೇಳಬಹುದು. ಒಣ ಹವೆಯ ಬಯಲುಸೀಮೆಯಲ್ಲಿ ಆ ಮಾತು ಸಲ್ಲಬಹುದೇನೋ. ಪಶ್ಚಿಮ ಘಟ್ಟದ ಬುಡದಲ್ಲಿ ಸಲ್ಲದು. ಇಲ್ಲಿ ವರ್ಷಕ್ಕೆ ಹೆಚ್ಚುಕಡಮೆ 4000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಆಟಿ ತಿಂಗಳಲ್ಲಿ ಗಾಳಿಯೇ ನೆನೆದ ಬಟ್ಟೆಯಂತಿರುತ್ತದೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತನ್ನು ದಾಟಿ ಬಹುಕಾಲ ನಿಂತರೆ ಬೂಷ್ಟು ತಾನಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದುದು ಕತ್ತಲೆ, ನಿಂತ ಗಾಳಿ, ಬೆವರು ಇಲ್ಲವೆ ಗಂಜಿಯ ಅಂಶವುಳ್ಳ ನೂಲು. ಬಟ್ಟೆಯನ್ನು ಒತ್ತೊತ್ತಾಗಿ ತುರುಕಿದ ಕಪಾಟಿನಲ್ಲಿ ಈ ಮೂರೂ ಇವೆ. ಗೋದ್ರೇಜ್ ಕಂಪೆನಿಯವರು 1923ರಲ್ಲಿ ಉಕ್ಕಿನ ಕಪಾಟನ್ನು ತಯಾರಿಸತೊಡಗಿದ ಮೇಲೆ ಇಲಿ, ಗೆದ್ದಲುಗಳ ಕಾಟ ಕಡಮೆಯಾಯಿತು. ತೇವದ ಕಾಟ ಕಡಮೆಯಾಗಲಿಲ್ಲ. ಜೋಪಾನವಾಗಿರಲೆಂದು ಹತ್ತು ವರ್ಷ ಮುಟ್ಟದೆ ಇಟ್ಟ ಸೀರೆಯನ್ನು ಬಿಡಿಸಿದಾಗ ಮಡಿಕೆಯ ಉದ್ದಕ್ಕೂ ಅದು ಸೀಳುವುದನ್ನು ಕಂಡು ಕಣ್ಣೀರಿಟ್ಟ ಗೃಹಿಣಿಯರು ಈ ಸೀಮೆಯಲ್ಲಿ ಕಡಮೆಯಿಲ್ಲ. ಮನೆಯವರು ಉಡದ ಬಟ್ಟೆಯನ್ನು ಇಲ್ಲಿ ಮಳೆಗಾಲ ಉಟ್ಟು ಹರಿಯುತ್ತದೆ. ಆದುದರಿಂದ ಕಪಾಟು ಹಗುರಗೊಳಿಸುವುದೆಂದರೆ ಇದ್ದುದನ್ನು ಕಳೆದುಕೊಳ್ಳುವುದಲ್ಲ. ಕಳೆದುಹೋಗುವ ಮುನ್ನ ಅದನ್ನು ಯಾರದಾದರೂ ಮೈಮೇಲೆ ಉಳಿಸುವುದು.

ನಾಲ್ಕು ರಾಶಿಗಳು

ಇದಕ್ಕೆ ತಕ್ಕ ಕಾಲ ನವರಾತ್ರಿ ಕಳೆದು ಬಿಸಿಲು ನಿಂತ ಮೇಲೆ. ಆಗ ಅಂಗಳದಲ್ಲಿ ಅಡಿಕೆಯೂ ಒಣಗಲು ಬರುತ್ತದೆ. ಚಾಲಿ ಅಡಿಕೆಗೆ ನಲವತ್ತು ದಿನಗಳಿಗೂ ಮಿಕ್ಕ ಬಿಸಿಲು ಬೇಕು. ಬಟ್ಟೆಗೆ ಎರಡು ದಿನ ಸಾಕು. ಇಡೀ ಕಪಾಟನ್ನು ಒಮ್ಮೆಗೇ ಹೊರಗೆ ಹಾಕಿದರೆ ಸಂಜೆಯ ಹೊತ್ತಿಗೆ ಎದೆಗುಂದಿ ಎಲ್ಲವೂ ಮತ್ತೆ ಒಳಗೇ ಹೋಗುತ್ತದೆ. ದಿನಕ್ಕೊಂದು ಅಂತಸ್ತನ್ನು ಇಳಿಸಿ ನಾಲ್ಕು ರಾಶಿ ಮಾಡುವುದು ಲೇಸು: ಉಡುವುದು, ಕೊಡುವುದು, ಕತ್ತರಿಸುವುದು, ಇಡುವುದು.

ಉಡುವ ರಾಶಿಗೆ ಒಂದೇ ಪರೀಕ್ಷೆ. ಕಳೆದ ಮಳೆಗಾಲದಿಂದ ಈ ಮಳೆಗಾಲದವರೆಗೆ ಒಮ್ಮೆಯಾದರೂ ಅದು ಮೈಮೇಲೆ ಬಂದಿತ್ತೆ? ನಿವೃತ್ತರ ದಿನಚರಿಗೆ ಬೇಕಾಗುವುದು ತೆಳ್ಳನೆಯ ಹತ್ತಿಯ ಮುಂಡುಗಳು, ನಾಲ್ಕಾರು ಅಂಗಿಗಳು, ನೀರು ಬೇಗ ಹೀರುವ ಬೈರಾಸು, ಮದುವೆಮುಂಜಿಗೆ ಒಂದೆರಡು ಜತೆ.

ಕೊಡುವ ರಾಶಿಯಲ್ಲಿ ಮರ್ಯಾದೆಯ ಪ್ರಶ್ನೆಯಿದೆ. ಗುಂಡಿ ಹೋದುದನ್ನೂ ಕಲೆಯಾದುದನ್ನೂ ಗಂಟುಕಟ್ಟಿ ಕೆಲಸದವರ ಕೈಗೆ ಹಾಕುವುದು ದಾನವಲ್ಲ. ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸುವುದು. ಒಗೆದು, ಗುಂಡಿ ಹೊಲಿದು, ಮಡಿಸಿ, ಬೇಕೆ ಎಂದು ಕೇಳಿ ಕೊಡಬೇಕು. ಬೇಡವೆನ್ನುವ ಸ್ವಾತಂತ್ರ್ಯವೂ ಅವರಿಗಿರಬೇಕು. ಸನ್ಮಾನದ ಶಾಲುಗಳು ಈ ರಾಶಿಗೆ ಸೇರಲಿ. ಆಟಿಯ ಚಳಿಗೆ ನಡುಗುವ ವೃದ್ಧರ ಹೊದಿಕೆಯಾದಾಗಲೇ ಅವಕ್ಕೆ ನಿಜವಾದ ಸನ್ಮಾನ. ಉದ್ದ ತೋಳಿನ ಕಛೇರಿಯ ಅಂಗಿಗಳಿಗೆ ತೋಟದಲ್ಲಿಯೇ ಎರಡನೆಯ ನೌಕರಿ ಕಾದಿದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ದಿನ ಮೈಮುಚ್ಚುವ ಹಳೆಯ ಅಂಗಿಯೇ ಬೇಕು. ಅದರ ನೀಲಿಕಲೆ ಜನ್ಮದಲ್ಲಿ ಹೋಗದು. ಒಂದು ಕಾಲಕ್ಕೆ ಶಾಯಿಯ ಒಂದು ಹನಿ ಬಿದ್ದರೂ ಸಂಕಟಪಡುತ್ತಿದ್ದ ವ್ಯವಸ್ಥಾಪಕರ ಬಿಳಿಯ ಅಂಗಿ ಅಡಿಕೆ ಮರಗಳ ಕೆಳಗೆ ನೀಲಿಯಾಗಿ ಓಡಾಡುವುದನ್ನು ಕಂಡು ಅವರೇ ನಗುವಂತಾದರೆ, ನಿವೃತ್ತಿ ಅವರಿಗೆ ಒಗ್ಗಿತೆಂದು ತಿಳಿಯಬಹುದು.

ಕತ್ತರಿಸುವ ರಾಶಿಗೆ ಹಿಂದಿನವರ ಬುದ್ಧಿವಂತಿಕೆ ಸಾಕ್ಷಿ. ಉಟ್ಟುಟ್ಟು ಮೆತ್ತಗಾದ ಹತ್ತಿ ಸೀರೆಗಿಂತ ಒಳ್ಳೆಯ ಬಟ್ಟೆ ಎಳೆಮಗುವಿಗೆ ಇನ್ನೊಂದಿಲ್ಲ. ಸಂಡಿಗೆ, ಹಪ್ಪಳಗಳನ್ನು ಒಣಗಿಸಲು ಹಳೆಯ ಮುಂಡು ಬೇಕು. ಸೋಸಲು ಬೇಕು, ಒರಸಲು ಬೇಕು. ಉತ್ತರ ಕರ್ನಾಟಕದ ಹೆಂಗಸರು ಇಂಥ ತುಂಡುಗಳನ್ನೇ ಪದರಪದರವಾಗಿ ಹೊಲಿದು ಕೌದಿ ಮಾಡುತ್ತಾರೆ. ಸಿಂಥೆಟಿಕ್ ಸೀರೆಗೆ ಮಾತ್ರ ಈ ಮರುಹುಟ್ಟಿಲ್ಲ. ಅದು ನೀರು ಹೀರದು, ಮಣ್ಣಿನಲ್ಲಿ ಕೊಳೆಯದು. ಅದನ್ನು ತೋಡಿಗೆ ಎಸೆಯುವುದಾಗಲಿ ಅಂಗಳದಲ್ಲಿ ಸುಡುವುದಾಗಲಿ ಸಲ್ಲ. ಕೊಳ್ಳುವಾಗಲೇ ಯೋಚಿಸುವುದು ಅದಕ್ಕಿರುವ ಮದ್ದು.

ಉಳಿದುದು ಇಡುವ ರಾಶಿ. ಧಾರೆಯ ಸೀರೆ, ತೀರಿಹೋದ ತಾಯಿಯದೊಂದು ಸೀರೆ, ಮಗುವಿನ ಮೊದಲ ಅಂಗಿ, ಬೇಕಿದ್ದರೆ ಬ್ಯಾಂಕಿನ ಆ ಕೊರಳಪಟ್ಟಿ. ಇವಕ್ಕೆ ಒಂದೇ ಅಂತಸ್ತು. ಅದು ತುಂಬಿತೆಂದರೆ ಹೊಸದೊಂದು ನೆನಪಿಗೆ ಹಳೆಯದೊಂದು ಜಾಗ ಬಿಡಬೇಕು. ರೇಷ್ಮೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸಿ, ನೆರಳಿನಲ್ಲಿ ಗಾಳಿಯಾಡಿಸಬೇಕು. ನುಸಿಗುಳಿಗೆ ಜರಿಗೆ ತಾಗದಂತೆ ದೂರವಿರಲಿ. ಲಾವಂಚದ ಬೇರಿನ ಒಂದು ಕಟ್ಟು ಇದ್ದರೆ ಕಪಾಟು ತೆರೆದಾಗ ಮನಸ್ಸಿಗೂ ಹಿತ.

ಯಾರ ಅಂತಸ್ತು ಯಾರದು?

ಇಷ್ಟೆಲ್ಲ ಸರಿ, ಆದರೆ ಜಗಳ ಹುಟ್ಟುವುದು ಇಲ್ಲಿಯೇ. ಕಛೇರಿಯಲ್ಲಿ ಮೂವತ್ತು ವರ್ಷ ಅಪ್ಪಣೆ ಕೊಟ್ಟು ರೂಢಿಯಾದ ಯಜಮಾನರು ನಿವೃತ್ತರಾದ ಮೊದಲ ತಿಂಗಳಲ್ಲಿ ಅಧಿಕಾರಕ್ಕೆ ಬೇರೆ ಸ್ಥಳವಿಲ್ಲದೆ ಪತ್ನಿಯ ಕಪಾಟಿಗೆ ತನಿಖೆಗೆ ಹೋಗುತ್ತಾರೆ. “ಇಷ್ಟು ಸೀರೆ ಯಾಕೆ ಮಾರಾಯ್ತಿ?” ಎಂದು ಅವರು ಕೇಳಿದರೆ, “ನಿಮ್ಮ ಹಳೆಯ ಫೈಲುಗಳಿಗೆ ನಾನು ಯಾವತ್ತಾದರೂ ಕೈ ಹಾಕಿದ್ದುಂಟೇ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ನ್ಯಾಯವಾದುದೇ. ತನ್ನ ಅಂತಸ್ತನ್ನು ತಾನು ಖಾಲಿ ಮಾಡಬೇಕಲ್ಲದೆ ಇನ್ನೊಬ್ಬರದನ್ನಲ್ಲ. ಗೃಹಿಣಿಗೆ ನಿವೃತ್ತಿಯ ಆದೇಶ ಯಾವ ಸರಕಾರದಿಂದಲೂ ಬಂದಿಲ್ಲವೆಂಬುದನ್ನು ನೆನೆದು, ತನ್ನ ಬಟ್ಟೆಯನ್ನು ತಾನೇ ಒಗೆದು ಮಡಿಸುವುದನ್ನು ಯಜಮಾನರು ಕಲಿತರೆ ಕಪಾಟು ಹೇಳದೆಯೇ ಅರ್ಧ ಹಗುರಾಗುತ್ತದೆ.

ಅಗಲಿದವರ ಬಟ್ಟೆಗಳ ವಿಷಯದಲ್ಲಂತೂ ಯಾರೂ ಯಾರನ್ನೂ ಅವಸರಪಡಿಸಬಾರದು. ಗಂಡನ ಅಂಗಿಯನ್ನು ಹಿಡಿದು ಕುಳಿತ ಹಿರಿಯ ಜೀವದ ಮುಂದೆ ನಾಲ್ಕು ರಾಶಿಗಳ ಲೆಕ್ಕ ನಡೆಯದು. ಒಂದು ವರ್ಷ ಬೇಕಾದರೆ ಒಂದು ವರ್ಷ. ಎರಡು ಬೇಕಾದರೆ ಎರಡು.

ಜಪಾನಿನ ಮಾರೀ ಕೊಂಡೋ ಎಂಬಾಕೆ ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು ಅದು ಸಂತೋಷ ಕೊಡುವುದೇ ಎಂದು ಕೇಳಿಕೊಳ್ಳಿರೆಂದು ಬರೆದು ಜಗದ್ವಿಖ್ಯಾತಳಾದಳು. ಸ್ವೀಡನ್ನಿನ ಮಾರ್ಗರೆಟಾ ಮಾಗ್ನುಸನ್ 2017ರ ತಮ್ಮ ಪುಸ್ತಕದಲ್ಲಿ, ತಾವು ಸತ್ತ ಮೇಲೆ ಮಕ್ಕಳ ತಲೆಗೆ ಹೊರೆಯಾಗದಂತೆ ಮೊದಲೇ ಮನೆ ಹಗುರಗೊಳಿಸುವ ತಮ್ಮ ನಾಡಿನ ರೂಢಿಯನ್ನು ವಿವರಿಸಿದರು. ನಮ್ಮ ಹಿರಿಯರು ಇದನ್ನೇ ವಾನಪ್ರಸ್ಥವೆಂದರು. ಬೆಳ್ಳಾರೆಯವರಿಗೆ ಕಾಡಿಗೆ ಹೋಗುವ ಶ್ರಮವೂ ಇಲ್ಲ. ಕಾಡು ತೋಟದ ಬೇಲಿಯವರೆಗೂ ಬಂದು ನಿಂತಿದೆ. ಬಿಡಬೇಕಾದುದು ಊರನ್ನಲ್ಲ, ಗಳಿಗೆಗಳಿಗೆಗೂ ಬೇರೆಯವರಿಗಾಗಿ ಸಜ್ಜಾಗುವ ಅಭ್ಯಾಸವನ್ನು.

ಹಾಗೆ ಬಿಟ್ಟವರಿಗೆ ಸಣ್ಣ ಸಣ್ಣ ಸುಖಗಳು ಒಂದೊಂದಾಗಿ ಕಾಣತೊಡಗುತ್ತವೆ. ಒಂಬತ್ತು ಗಂಟೆಯ ಬಸ್ಸು ಹೋಗುವ ಸದ್ದನ್ನು ಜಗಲಿಯಲ್ಲಿ ಕುಳಿತು ಎರಡನೆಯ ಲೋಟ ಕಾಫಿಯೊಡನೆ ಕೇಳುವುದು ಒಂದು ಸುಖ. ಪತ್ರಿಕೆಯನ್ನು ಮೊದಲ ಪುಟದಿಂದ ಮರಣವಾರ್ತೆಯವರೆಗೆ ಬಿಡದೆ ಓದುವುದು ಇನ್ನೊಂದು. ಅಡಿಕೆ ಸಿಪ್ಪೆಯ ಉರಿಯಲ್ಲಿ ಕಾದ ಹಂಡೆಯ ನೀರು, ಮಳೆಗಾಲದ ತಾಳಮದ್ದಳೆ, ಕೆಸುವಿನೆಲೆಯ ಪತ್ರೊಡೆ, ಆಟಿ ಅಮಾವಾಸ್ಯೆಯ ಮುಂಜಾನೆ ಮುಖ ಕಿವುಚಿಕೊಂಡು ಕುಡಿದ ಹಾಲೆಮರದ ಕಷಾಯ, ಇವೆಲ್ಲ ನೌಕರಿಯ ವರ್ಷಗಳಲ್ಲಿ ರಜೆ ಸಿಕ್ಕಿದರೆ ಮಾತ್ರ ದೊರೆಯುತ್ತಿದ್ದ ಭಾಗ್ಯಗಳು. ಬಿಸಿಲಿಗೆ ಒಣಗಿ ಗರಿಗರಿಯಾದ ಬೈರಾಸಿನಲ್ಲಿ ಮುಖವೊರಸಿಕೊಳ್ಳುವ ಸುಖಕ್ಕೆ ಕಾಸು ಬೇಡ, ಕಪಾಟೂ ಬೇಡ.

ಕೊನೆಯದಾಗಿ ಒಂದು ಮಾತು. ಉಡುವ ರಾಶಿಯಲ್ಲಿ ಎಷ್ಟೋ ಮನೆಗಳಲ್ಲಿ “ಒಳ್ಳೆಯ ದಿನಕ್ಕೆ” ಎಂದು ತೆಗೆದಿರಿಸಿದ ಸೀರೆ, ಮುಂಡುಗಳು ಸಿಗುತ್ತವೆ. ಅರುವತ್ತು ದಾಟಿದ ಮೇಲೆ ಆ ಒಳ್ಳೆಯ ದಿನ ಯಾವುದೆಂದು ಕಾಯುತ್ತ ಕೂರುವುದು ಸಾಹಸವೇ ಸರಿ. ಮದುವೆಯಿಲ್ಲ, ಹಬ್ಬವಿಲ್ಲ, ನೆಂಟರಿಲ್ಲದ ಒಂದು ಮಂಗಳವಾರ ಆಕೆ ಆ ಸೀರೆಯನ್ನುಟ್ಟು ಹೂ ಕೊಯ್ಯಲು ಹೋಗಲಿ. ಅವರು ಕಸವಿನ ಮುಂಡುಟ್ಟು ತೋಟದ ಅಂಚಿನವರೆಗೆ ನಡೆದು ಬರಲಿ. “ಏನು ವಿಶೇಷ ಇವತ್ತು?” ಎಂದು ನೆರೆಯವರು ಕೇಳಿಯೇ ಕೇಳುತ್ತಾರೆ. ವಿಶೇಷವೇನೂ ಇಲ್ಲ, ಮಳೆ ನಿಂತಿದೆ ಎಂದರೆ ಸಾಕು.