ಹಬ್ಬದ ಊಟ ಕಲಿಸಿದ ವ್ಯಾಪಾರದ ಪಾಠ

ಯುಗಾದಿ, ದೀಪಾವಳಿಗಳು ಬಂತೆಂದರೆ ನಮ್ಮ ನಗರಗಳ ತಾರಾ ಹೋಟೆಲುಗಳು ಬಾಳೆಎಲೆಯ ಊಟದ ಜಾಹೀರಾತು ನೀಡುವುದು ಈಗ ವಾಡಿಕೆಯಾಗಿದೆ. ಮನೆಯಲ್ಲಿ ಹೋಳಿಗೆ ತಟ್ಟಲು ಬಿಡುವಿಲ್ಲದ ಕುಟುಂಬಗಳಿಗೆ ಇದೊಂದು ಅನುಕೂಲ. ಆತಿಥ್ಯೋದ್ಯಮಕ್ಕೆ ಒಳ್ಳೆಯ ಅವಕಾಶ. ಇಂತಹ ಅವಕಾಶವನ್ನು ಕೈಯಾರೆ ಹೇಗೆ ಕೆಡಿಸಿಕೊಳ್ಳಬಹುದು ಎಂಬುದಕ್ಕೆ ನನ್ನದೇ ಅನುಭವವೊಂದನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇನೆ.

2025ರ ಮಾರ್ಚ್ 30, ಭಾನುವಾರ ಯುಗಾದಿ. ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರಿಗೆ ಆ ವರ್ಷವಾದರೂ ಒಲೆಯ ಮುಂದಿನ ದುಡಿಮೆ ತಪ್ಪಲಿ ಎಂದು ಬೆಂಗಳೂರಿನ ತಾರಾ ಹೋಟೆಲೊಂದರಲ್ಲಿ ಐವರಿಗೆ ಮುಂಚಿತವಾಗಿ ಸ್ಥಳ ಕಾದಿರಿಸಿದ್ದೆ. ಎಲೆಯೊಂದಕ್ಕೆ 1,850 ರೂಪಾಯಿ. ಬಿಸಿ ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಹೋಳಿಗೆ ಸಾರು ಸೇರಿದಂತೆ ಇಪ್ಪತ್ತೆರಡು ಬಗೆ ಎಂಬುದು ಜಾಹೀರಾತಿನ ವಾಗ್ದಾನ.

ಒಂದು ಗಂಟೆಗೆಂದು ಹೇಳಿದ್ದವರು ನಮ್ಮನ್ನು ಕೂರಿಸಿದ್ದು ಎರಡು ಗಂಟೆಯ ಹೊತ್ತಿಗೆ. ಕೋಸಂಬರಿ ಬಂದಾಗ ಪಲ್ಯವಿಲ್ಲ, ಸಾರು ಬಂದಾಗ ಅನ್ನವಿಲ್ಲ. ಹೋಳಿಗೆ ತಣ್ಣಗಿತ್ತು, ಅಂಚು ಗಟ್ಟಿಯಾಗಿತ್ತು. ಬಿಸಿಯದು ದೊರೆಯಬಹುದೇ ಎಂದು ಕೇಳಿದಾಗ ಬಡಿಸುತ್ತಿದ್ದ ಹುಡುಗ ಸಂಕೋಚದಿಂದ, "ನಿನ್ನೆ ರಾತ್ರಿಯೇ ಮಾಡಿಟ್ಟಿದ್ದು ಸಾರ್" ಎಂದ. ನಮ್ಮ ಕುರ್ಚಿಗಳ ಹಿಂದೆ ಮುಂದಿನ ಪಂಕ್ತಿಯವರು ನಿಂತಿದ್ದರು. ತಾಯಿಯವರು ಮಜ್ಜಿಗೆ ಅನ್ನ ಕಲಸುತ್ತಿರುವಾಗಲೇ ಪಕ್ಕದ ಎಲೆಗಳನ್ನು ಎತ್ತತೊಡಗಿದರು. ಅವರು ಏನೂ ಹೇಳದೆ ಎದ್ದುಬಿಟ್ಟರು.

ಬಿಲ್ಲಿನ ವಿವರ

ಊಟಕ್ಕೆ 9,250 ರೂಪಾಯಿ. ಎರಡು ಬಾಟಲಿ ನೀರಿಗೆ 300. ಇವೆರಡರ ಮೇಲೆ ಶೇಕಡಾ 10ರ ಸೇವಾ ಶುಲ್ಕ 955. ಒಟ್ಟು ಮೊತ್ತದ ಮೇಲೆ ಶೇಕಡಾ 18ರ ಜಿಎಸ್‌ಟಿ. ಎಲ್ಲವೂ ಸೇರಿ 12,396 ರೂಪಾಯಿ.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ವ್ಯಾಪಾರಸ್ಥರಾದ ನಾವು ನಿಷ್ಪಕ್ಷಪಾತವಾಗಿ ನೋಡಬೇಕು. ಸಾಮಾನ್ಯ ಉಪಾಹಾರ ಗೃಹಗಳಲ್ಲಿ ಹೂಡುವಳಿ ತೆರಿಗೆ ಜಮೆಯಿಲ್ಲದ ಶೇಕಡಾ 5ರ ದರವಿದ್ದರೆ, ದಿನದ ಕೊಠಡಿ ಬಾಡಿಗೆ 7,500 ರೂಪಾಯಿಯನ್ನು ಮೀರಿದ ಹೋಟೆಲುಗಳಲ್ಲಿ ಜಮೆಯ ಸೌಲಭ್ಯದೊಂದಿಗೆ ಶೇಕಡಾ 18. ಆದ್ದರಿಂದ ತೆರಿಗೆಯ ದರದ ಬಗ್ಗೆ ಆಕ್ಷೇಪಣೆಯಿಲ್ಲ. ಹೋಟೆಲಿನಲ್ಲಿ ಬಡಿಸುವ ನೀರಿಗೆ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿದೆ. ಅಲ್ಲಿಯೂ ಕಾನೂನು ಹೋಟೆಲಿನ ಪರವಾಗಿಯೇ ಇದೆ.

ಆದರೆ ಸೇವಾ ಶುಲ್ಕದ ಮಾತು ಬೇರೆ. ಅದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸತಕ್ಕದ್ದಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡತಕ್ಕದ್ದಲ್ಲ, ಅದನ್ನು ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ ವಿಧಿಸತಕ್ಕದ್ದಲ್ಲ ಎಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲ್ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್ 28ರಂದು, ಅಂದರೆ ನಾವು ಊಟಕ್ಕೆ ಕೂರುವ ಎರಡೇ ದಿನ ಮುಂಚೆ, ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿತ್ತು.

ವ್ಯವಸ್ಥಾಪಕರಿಗೆ ಇದನ್ನು ತಿಳಿಸಿದೆ. "ಇದು ನಮ್ಮ ಸಂಸ್ಥೆಯ ನಿಯಮ" ಎಂದವರು ಮೂರನೆಯ ಬಾರಿ ಕೇಳಿದ ಮೇಲೆ ಶುಲ್ಕ ತೆಗೆದು 11,269 ರೂಪಾಯಿಯ ಹೊಸ ಬಿಲ್ಲು ತಂದರು. 1,127 ರೂಪಾಯಿ ಉಳಿಯಿತು. ಹೀಗೆ ಕೇಳಿದರೂ ತೆಗೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ನಷ್ಟ ಯಾರಿಗೆ?

ಕಾರಿನಲ್ಲಿ ತಾಯಿಯವರು, "ಎಷ್ಟಾಯಿತಪ್ಪಾ?" ಎಂದು ಕೇಳಿದರು. "ಹೆಚ್ಚೇನಿಲ್ಲಮ್ಮ" ಎಂದೆ. ಮನೆ ತಲುಪಿದವರೇ ಸೀರೆ ಬದಲಿಸಿ, ಮಕ್ಕಳಿಗೆ ಹೊಟ್ಟೆ ತುಂಬಿಲ್ಲವೆಂದು ತಿಳಿಸಾರಿಗೆ ಇಟ್ಟರು. ಯಾವ ದುಡಿಮೆಯನ್ನು ತಪ್ಪಿಸಬೇಕೆಂದು ಹಣ ತೆತ್ತೆನೋ ಅದು ತಪ್ಪಲಿಲ್ಲ.

ಬೆಲೆ ಹೆಚ್ಚೆಂಬುದು ನನ್ನ ದೂರಲ್ಲ. ಹಬ್ಬದ ದಿನ ಕೆಲಸಗಾರರಿಗೆ ಹೆಚ್ಚಿನ ಕೂಲಿ, ಹೂವು ಹಣ್ಣುಗಳಿಗೆ ಹೆಚ್ಚಿನ ದರ ಸಹಜ. ಬಿಸಿ ಹೋಳಿಗೆಯನ್ನು ತಟ್ಟಿಕೊಡಲು ಎಷ್ಟು ಕೈಗಳಿವೆ ಎಂದು ಲೆಕ್ಕ ಹಾಕದೆ ಎಷ್ಟು ಕುರ್ಚಿಗಳಿವೆ ಎಂದಷ್ಟೇ ಲೆಕ್ಕ ಹಾಕಿ ಮುಂಗಡ ಪಡೆದದ್ದು ತಪ್ಪು. ನನ್ನದು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ. ಸಾಮರ್ಥ್ಯ ಮೀರಿ ಬೇಡಿಕೆ ಒಪ್ಪಿಕೊಂಡರೆ ಕೆಟ್ಟ ಮಾಲು ನಮಗೆ ಹಿಂದಿರುಗಿ ಬರುತ್ತದೆ; ತಿದ್ದಿಕೊಳ್ಳುತ್ತೇವೆ. ಹೋಟೆಲಿನಲ್ಲಿ ಹಾಗಾಗುವುದಿಲ್ಲ, ಗ್ರಾಹಕ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ನಮ್ಮ ಅರುವತ್ತು ನೌಕರರ ವಾರ್ಷಿಕ ಔತಣವನ್ನು ಅದೇ ಹೋಟೆಲಿನಲ್ಲಿ ಏರ್ಪಡಿಸುವ ವಿಚಾರವಿತ್ತು. ಅದನ್ನು ನಮ್ಮ ಬಡಾವಣೆಯ ಸಾಧಾರಣ ಹೋಟೆಲಿಗೆ ವರ್ಗಾಯಿಸಿದೆ. ತಾರಾ ಹೋಟೆಲಿನ ಲೆಕ್ಕಪುಸ್ತಕದಲ್ಲಿ ಈ ನಷ್ಟ ಎಲ್ಲಿಯೂ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಉತ್ತಮ ಮೇಲ್ಪಂಕ್ತಿಯೂ ಉಂಟು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ತನ್ನ ಅಡುಗೆಮನೆಯನ್ನು ಗ್ರಾಹಕರ ಕಣ್ಣಿಗೆ ತೆರೆದಿಟ್ಟೇ ಹೆಸರು ಗಳಿಸಿತು. ಹಬ್ಬದ ಊಟ ಮಾರುವ ಉದ್ಯಮಿಗಳು ಮಾಡಬೇಕಾದದ್ದು ಮೂರೇ ಕೆಲಸ: ಅಡುಗೆಮನೆಯ ಶಕ್ತಿಗೆ ತಕ್ಕಷ್ಟು ಎಲೆಗಳಿಗೆ ಮಾತ್ರ ಮುಂಗಡ ಪಡೆಯುವುದು, ತೆರಿಗೆ ಸೇರಿದ ಪೂರ್ಣ ಬೆಲೆಯನ್ನು ಜಾಹೀರಾತಿನಲ್ಲೇ ಪ್ರಕಟಿಸುವುದು, ಎಲೆಯ ಮುಂದೆ ಕುಳಿತವರು ಏಳುವವರೆಗೆ ಕಾಯುವುದು. ಇವಿಷ್ಟನ್ನು ಮಾಡಿದರೆ 1,850 ರೂಪಾಯಿ ಯಾರಿಗೂ ದುಬಾರಿಯೆನಿಸದು.